ಕೂಸಿನ ಮುಯ್ಯಿ

ಹೆಣ್ಣುಮಕ್ಕಳು ಓದಬೇಕು ಅಂತ ಸರ್ಕಾರವೇನೋ ಹೇಳಿತು. ಹೆಣ್ಣುಮಗು ಓದಲು ಹೊರಟರೆ ಅದರ ಸೊಂಟದ ಮೇಲಿನ ಕೂಸು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳದಿದ್ದರೆ ಬಿಡಿ, ಕೂಸೂ ಸ್ಕೂಲಿಗೇ ಬಂತು.

ಯುದ್ಧ ನಡೆಯುತ್ತಿದ್ದ ಕಾಲ. ಅರಕಲಗೂಡಿನಿಂದ ಒಂದು ಹರದಾರಿ ಒಳಗಿದ್ದ ಆ ಊರಿನ ಸ್ಕೂಲಿನಲ್ಲಿ ಮಗ್ಗಿ ಹೇಳುವ ಸದ್ದಿಗಿಂತ ಕೂಸುಗಳ ಅಳುವೇ ಜೋರು. ಕೆಳಕೇರಿಯ ಹೊನ್ನಕ್ಕನ ಮಗಳು ದೇವೀರಿ, ತನ್ನ ಪುಟ್ಟ ತಮ್ಮ ಮಂಚನನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯ ತುದಿಯಲ್ಲಿ ಅಕ್ಷರ ತಿದ್ದುತ್ತಿದ್ದಳು. ಆ ಕೇರಿಯಿಂದ ಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗು ಅವಳೇ. ಗಂಡನಿಲ್ಲದ ಹೊನ್ನಕ್ಕ ದಿನವೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ಬಗ್ಗಿ ದುಡಿದು ಬಂದು, ಸಂಜೆ ಮಗಳ ಬಾಯಲ್ಲಿ ಪಾಠ ಕೇಳಿದರೆ ಸೊಂಟನೋವು ಮರೆಯುತ್ತಿದ್ದಳು.

ಹೀಗಿರುವಾಗ ಒಂದು ದಿನ ಇನ್ಸ್‌ಪೆಕ್ಟರು ಬಂದರು. ಬಂದು ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಮಂಚ ಅಂಬೆಗಾಲಿಟ್ಟು ಒಳಗೆ ಹೋಗಿ ಅವರ ಬೂಟಿನ ಮೇಲೆ ಉಚ್ಚೆ ಹೊಯ್ದುಬಿಟ್ಟ. ಏನು ಮಾಡುವುದು, ಕೂಸಿಗೆ ಬೂಟೂ ಒಂದೇ, ಬೇಲಿಯೂ ಒಂದೇ.

"ಏನ್ರೀ ಮೇಷ್ಟ್ರೇ, ಇದು ಸ್ಕೂಲೋ ಬಾಣಂತಿ ಮನೆಯೋ?"

ಚಂದ್ರಶೇಖರಯ್ಯ ಮೇಷ್ಟ್ರು ಪಂಚೆಯ ಚುಂಗು ಹಿಡಿದು ತಲೆ ತಗ್ಗಿಸಿ ನಿಂತರು. ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಆದರೆ ರೂಲ್ಸು ಅಂದರೆ ರೂಲ್ಸು. ಐದು ವರ್ಷ ತುಂಬದ ಮಗು ಪಾಠದ ಕಡೆ ಸುಳಿಯಕೂಡದು. ಇಟ್ಟುಕೊಳ್ಳಲೇಬೇಕು ಅಂದರೆ ಪಕ್ಕದಲ್ಲಿ ಬೇರೆ ಸೂರು ಬೇಕು, ಸುತ್ತ ಬೇಲಿ ಬೇಕು, ದಿನವಿಡೀ ನೋಡಿಕೊಳ್ಳಲು ದೊಡ್ಡ ಹೆಂಗಸೊಬ್ಬಳು ಬೇಕು. ಸಂಬಳ ಕೊಡಲು ಸರ್ಕಾರದಲ್ಲಿ ದುಡ್ಡಿಲ್ಲ.

"ಇನ್ನೊಂದು ಮಾತು. ಸರ್ಕಾರಿ ಸ್ಕೂಲು ಇದು. ಆ ಕೇರಿಗೊಂದು ಸೂರು, ಈ ಕೇರಿಗೊಂದು ಸೂರು ಅಂತ ಮಾಡಿದರೆ ನಾನು ಒಪ್ಪೋದಿಲ್ಲ. ಮುಂದಿನ ಸಲ ಬರೋ ಹೊತ್ತಿಗೆ ಎಲ್ಲ ಸರಿಹೋಗಿರಬೇಕು. ಇಲ್ಲ ಅಂದರೆ ಕೂಸು ಹೊತ್ತು ಬರೋ ಹುಡುಗಿಯರ ಹೆಸರು ಹೊಡೆದುಹಾಕಿ."

ಸಂಜೆ ದೇವೀರಿ ಸ್ಲೇಟನ್ನು ಮೂಲೆಗಿಟ್ಟು ಗೋಡೆ ಕಡೆ ಮುಖ ಮಾಡಿ ಕೂತಳು. "ನನ್ ಎಸ್ರು ಒಡೆದಾಕ್ತಾರಂತೆ ಕಣವ್ವಾ" ಅಂದವಳಿಗೆ ಅಳು ತಡೆಯಲಾಗಲಿಲ್ಲ. ಹೊನ್ನಕ್ಕ ಲೆಕ್ಕ ಹಾಕಿದಳು. ಕೂಲಿ ಬಿಟ್ಟು ಮಂಚನನ್ನು ನೋಡಿಕೊಂಡರೆ ಒಲೆ ಹತ್ತುವುದಿಲ್ಲ, ಮಗಳನ್ನು ಬಿಡಿಸಿದರೆ ಬದುಕೇ ಹತ್ತುವುದಿಲ್ಲ. ಹಾಗೇ ಎದ್ದು ಮೇಷ್ಟ್ರ ಮನೆ ಮುಂದೆ ಹೋಗಿ ನಿಂತಳು.

"ಸಾ, ಒಲಕ್ಕೆ ಮುಯ್ಯಾಳು ಓಯ್ತೀವಿ. ಕೂಸು ನೋಡ್ಕಳಾಕೆ ಯಾಕೆ ಓಗ್ಬಾರ್ದು?"

ಮೇಷ್ಟ್ರು ಹುಬ್ಬೇರಿಸಿದರು. ಮುಯ್ಯಿ ಅಂದರೆ ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ! ಇವತ್ತು ನಿನ್ನ ಹೊಲದ ಕೆಲಸಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ. ಆದರೆ ಮುಯ್ಯಿ ತೀರಿಸದವರಿಗೂ ಊರಲ್ಲಿ ಮುಖವಿಲ್ಲ, ತೀರಿಸಲು ಬಂದವರನ್ನು ಬೇಡ ಅಂದವರಿಗೂ ಮುಖವಿಲ್ಲ.

ಮಾರನೆಯ ದಿನ ಮೇಷ್ಟ್ರು ಎರಡೂ ಕೇರಿಯ ಹೆಂಗಸರನ್ನು ಸ್ಕೂಲಿನ ಮುಂದೆ ಸೇರಿಸಿ ವಿಷಯ ಎತ್ತಿದ್ದೇ ತಡ, ಮೇಲ್ಕೇರಿಯ ಬಸವಲಿಂಗಮ್ಮ ಸಿಡಿದಳು. ಸ್ಕೂಲಿನ ಪಕ್ಕದ ಹಳೇ ಕೊಟ್ಟಿಗೆ ಅವಳದು, ಊರಿನ ದೊಡ್ಡ ಬಾಯಿಯೂ ಅವಳದೇ.

"ಅಯ್ಯೋ ಶಿವನೇ! ಕೆಳಕೇರಿಯೋಳು ನಮ್ ಪಾಲಾಕ್ಷನ್ನ ಎತ್ಕಳಾದಾ? ನನ್ ಉಸಿರಿರೋಗಂಟ ಆಗಾಕಿಲ್ಲ!"

ಪಾಲಾಕ್ಷ ಅವಳ ಮೊಮ್ಮಗ. ಅವನನ್ನು ಹೊತ್ತು ಸ್ಕೂಲಿಗೆ ಬರುತ್ತಿದ್ದವಳು ಮೊಮ್ಮಗಳು ಶಾಂತಕುಮಾರಿ. ಅವಳ ಹೆಸರೂ ಹೋಗುವುದರಲ್ಲಿತ್ತು, ನಿನ್ನೆಯಿಂದ ಹುಡುಗಿ ಉಂಡಿರಲಿಲ್ಲ. ಅಜ್ಜಿಯ ಕೋಪ ದೊಡ್ಡದೋ ಮೊಮ್ಮಗಳ ಹಸಿವು ದೊಡ್ಡದೋ? ಬಸವಲಿಂಗಮ್ಮ ಸ್ವಲ್ಪ ಹೊತ್ತು ಎಲೆಅಡಿಕೆ ಜಗಿದು ಒಂದು ಉಪಾಯ ತೆಗೆದಳು.

"ಕೊಟ್ಟಿಗೆ ನಾನು ಕೊಡ್ತೀನಿ. ಮೇಲ್ಕೇರಿ ಎಂಗಸ್ರೇ ಸರದಿ ಮೇಲೆ ನೋಡ್ಕತೀವಿ. ಕೆಳಕೇರಿ ಕೂಸುಗಳೂ ಒಂದು ಮೂಲೇಲಿ ಬಿದ್ದಿರ್ಲಿ, ಪಾಪ. ಅವರವ್ವಂದ್ರು ಮಾತ್ರ ಒಳಿಕ್ಕೆ ಬರಾದು ಬ್ಯಾಡ."

ಹೊನ್ನಕ್ಕ ಸೆಟೆದು ನಿಂತಳು. ಆದರೆ ಮರುಗಳಿಗೆಗೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗು ನುಂಗಿಕೊಂಡಳು. "ಆಗ್ಲಿ ಬುಡವ್ವಾ. ಮೊದಲ್ನೇ ಮುಯ್ಯಿ ನಿಮ್ದೇ ಆಗ್ಲಿ."

ಮೊದಲನೆಯದು ಅಂದದ್ದಕ್ಕೆ ಬಸವಲಿಂಗಮ್ಮ ಹಿಗ್ಗಿದಳು. ತಾನು ಏನನ್ನು ಒಪ್ಪಿಕೊಂಡೆ ಅನ್ನುವುದು ಆಗ ಅವಳಿಗೆ ಹೊಳೆಯಲಿಲ್ಲ.

ಎರಡೂ ಕೇರಿಯವರು ಸೇರಿ ಸೂರಿಗೆ ಹುಲ್ಲು ಹೊದಿಸಿದರು, ಬೇಲಿ ಕಟ್ಟಿದರು. ಬಸವಲಿಂಗಮ್ಮ ಮಣೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಕೂತಳು. ದೂರದಿಂದಲೇ ಮೇಯಿಸುವುದು ಅವಳ ಲೆಕ್ಕಾಚಾರ. ಆದರೆ ಯಾವ ಮೂಲೆ ಯಾವ ಕೇರಿಯದು ಅಂತ ಕೂಸುಗಳಿಗೆ ಹೇಳಿದವರು ಯಾರು? ಮಂಚ ಸರಸರ ಹರಿದು ಹೋಗಿ ಗೋಡೆಯ ಹೆಗ್ಗಣದ ಬಿಲಕ್ಕೆ ಕೈ ಹಾಕಿದ.

"ಅಯ್ಯಯ್ಯೋ, ಆವು ಗೀವು ಇದ್ದಾತು!"

ಕೋಲು ಎಲ್ಲೋ ಬಿತ್ತು. ಮಂಚ ಅವಳ ಕಂಕುಳು ಸೇರಿದ. ಸೇರಿದವನು ಇಳಿಯಲೊಲ್ಲ. ಮಧ್ಯಾಹ್ನ ಪಾಲಾಕ್ಷನಿಗೆ ಕಲಸಿದ ರಾಗಿ ಅಂಬಲಿಗೆ ಅವನೂ ಬಾಯಿ ಬಿಟ್ಟ. ಹಸಿದ ಕೂಸು ಬಾಯಿ ಬಿಟ್ಟರೆ ಯಾವ ಹೆಂಗಸು ತಾನೇ ಮುಖ ತಿರುಗಿಸಿಯಾಳು? ಬಯ್ದುಕೊಂಡೇ ತಿನ್ನಿಸಿದಳು.

ಮಾರನೆಯ ಬೆಳಿಗ್ಗೆ ಹೊನ್ನಕ್ಕ ಮಿಂದು, ತಲೆ ಬಾಚಿ, ಬೇಲಿಯ ಹತ್ತಿರ ಬಂದು ನಿಂತಳು.

"ಅವ್ವಾ, ಮುಯ್ಯಿ ತೀರಿಸಾಕೆ ಬಂದಿವ್ನಿ."

"ನಿನ್ನ ಯಾರೇ ಕರೆದೋರು?"

"ನೆನ್ನೆ ನನ್ ಕೂಸ ನೀವು ನೋಡ್ಕಂಡ್ರಿ. ಅಂಬ್ಲಿನೂ ತಿನ್ಸುದ್ರಿ. ಮುಯ್ಯಿ ಉಳಿಸ್ಕಂಡು ಸಾಯಾಕೆ ನಾನೇನು ಗತಿಗೆಟ್ಟೋಳಾ? ಬ್ಯಾಡ ಅಂದ್ರೆ ಬ್ಯಾಡ ಅನ್ನಿ, ಊರೋರೆಲ್ಲ ಕೇಳ್ಕಳ್ಳಿ."

ಹೊಲಕ್ಕೆ ಹೊರಟಿದ್ದ ಹೆಂಗಸರು ಅಲ್ಲೇ ನಿಂತರು. ಪಕ್ಕದ ಮನೆಯ ನಂಜಮ್ಮ ಕಿಸಕ್ಕನೆ ನಕ್ಕು, "ಮುಯ್ಯಿ ಬ್ಯಾಡ ಅಂದ್ರೆ ನಿಮ್ ರಾಗಿ ಕುಯ್ಲಿಗೆ ಯಾರ್ ಬತ್ತಾರೆ ಅತ್ತೆ?" ಅಂದಳು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದ ಬಸವಲಿಂಗಮ್ಮ ಬೇಲಿಯ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಹೊನ್ನಕ್ಕ ತಲೆ ಎತ್ತಿಕೊಂಡೇ ಒಳಗೆ ಹೋದಳು.

ಅಲ್ಲಿಂದ ಎರಡೂ ಕೇರಿಯವರ ಸರದಿ ನಡೆಯಿತು. ತೊಡೆ ಖಾಲಿಯಾದ ದೇವೀರಿಯನ್ನು ಮೇಷ್ಟ್ರು ಒಳಗೆ ಕರೆದು ಶಾಂತಕುಮಾರಿಯ ಪಕ್ಕ ಕೂರಿಸಿದರು. ಬಸವಲಿಂಗಮ್ಮ ಮಾತ್ರ, ಹೊನ್ನಕ್ಕನ ಸರದಿ ಬಂದಾಗಲೆಲ್ಲ ಬೇಲಿಯಾಚೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಇನ್ಸ್‌ಪೆಕ್ಟರು ಮತ್ತೆ ಬಂದದ್ದೂ ಹೊನ್ನಕ್ಕನ ಸರದಿಯ ದಿನವೇ. ಸೂರು ನೋಡಿದರು, ಬೇಲಿ ಅಲ್ಲಾಡಿಸಿ ನೋಡಿದರು. ಪಾಲಾಕ್ಷನನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಹೊನ್ನಕ್ಕನನ್ನು ನೋಡಿ, ಸುತ್ತ ಸೇರಿದ್ದವರ ಕಡೆ ತಿರುಗಿದರು.

"ಈಕೆ ನೋಡಿಕೊಳ್ಳೋದಕ್ಕೆ ಯಾರದಾದರೂ ತಕರಾರು ಇದೆಯೇ? ಒಬ್ಬರು ಬೇಡ ಅಂದರೂ ಈ ಏರ್ಪಾಟಿನ ಒಪ್ಪಿಗೆಗೆ ನಾನು ರುಜು ಹಾಕೋದಿಲ್ಲ."

ಎಲ್ಲರ ಕಣ್ಣೂ ಬಸವಲಿಂಗಮ್ಮನ ಮೇಲೆ. ಅವಳು ಬೇಲಿ ದಾಟಿ ಬಂದು, ಮೊಮ್ಮಗನ ಕಡೆ ಎರಡೂ ಕೈ ಚಾಚಿದಳು. ಮುಗೀತು, ಮಗಳ ಓದು ಇಲ್ಲಿಗೆ ಮುಗೀತು ಅಂದುಕೊಂಡಳು ಹೊನ್ನಕ್ಕ. ಪಾಲಾಕ್ಷ ಅಜ್ಜಿಯನ್ನು ನೋಡಿದ, ನಕ್ಕ, ತಿರುಗಿ ಹೊನ್ನಕ್ಕನ ಕೊರಳನ್ನೇ ತಬ್ಬಿ ಮುಖ ಮುಚ್ಚಿಕೊಂಡ.

"ಥೂ ಕಳ್ಳಮುಂಡೇದೇ! ಅಜ್ಜಿ ಬ್ಯಾಡ್ವಾ ನಿಂಗೆ?" ಬಸವಲಿಂಗಮ್ಮ ಬಯ್ದಳು, ಆದರೆ ನಗು ಅವಳ ಕೈಮೀರಿ ಬಂದಿತ್ತು. ಇನ್ಸ್‌ಪೆಕ್ಟರ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು. "ಯಾವ ತಕರಾರೂ ಇಲ್ಲ ಕಣ್ ಸಾ. ನೆನ್ನೆ ನಾನು, ಇವತ್ತು ಇವ್ಳು, ನಾಳೀಕೆ ನಂಜಮ್ಮ. ಮುಯ್ಯಿ ಇದು. ಯಾರಾದ್ರೂ ಅಡ್ಡಬಾಯಿ ಆಕುದ್ರೆ ನನ್ ತಾವ್ಕೆ ಕಳ್ಸಿ."

ಇನ್ಸ್‌ಪೆಕ್ಟರು ರುಜು ಹಾಕಿದರು. ಮಂಚ ಹತ್ತಿರ ಬರುವುದನ್ನು ಕಂಡು ಬೂಟು ಹಿಂದಕ್ಕೆ ಎಳೆದುಕೊಂಡರು. ಊರೆಲ್ಲ ಹೋ ಎಂದು ನಕ್ಕಿತು.

ಅವರು ಹೋದ ಮೇಲೆ ಮೇಷ್ಟ್ರು ಹಾಜರಿ ಕರೆಯತೊಡಗಿದರು. ಹೊನ್ನಕ್ಕ ಕೂಸುಗಳನ್ನೆಲ್ಲ ತಟ್ಟಿ ಮಲಗಿಸಿ ಕಿವಿಗೊಟ್ಟಳು.

"ದೇವೀರಿ!"

"ಹಾಜರ್ ಸಾ!"

ಆ ಕೂಗಿಗೆ ಸೂರಿನ ಕೆಳಗಿನ ಕೂಸುಗಳೆಲ್ಲ ಬೆಚ್ಚಿ ಎದ್ದು ಒಂದೇ ಸಮನೆ ಅಳತೊಡಗಿದವು. ಹೊನ್ನಕ್ಕ ಕಣ್ಣೊರೆಸಿಕೊಂಡು ನಕ್ಕಳು.

"ಎದ್ರೆ ಏಳ್ಳಿ ಬುಡು. ಇನ್ನೊಂದ್ಸಲ ಕೂಗವ್ವಾ!"