ಬೀದಿಗೆ ಓಡಿದ ಗಂಡು

ಭೂಕಂಪ ಆದದ್ದು ಭೂಪಟದ ಉತ್ತರದ ಅಂಚಿನಲ್ಲಿ, ರಷ್ಯಾದಾಚೆಯ ಸಮುದ್ರದ ತಳದಲ್ಲಿ. ಫೋನು ಬಂದದ್ದು ಪಕ್ಕದೂರು ಕಾಮಸಮುದ್ರದಿಂದ, ಬಂಗಾರಪೇಟೆಯ ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತ ಕೂತಿದ್ದ ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಸುಮ್ಮನೆ ಹೇಳುತ್ತಾರೆಯೇ?

"ರಾಧಾಮಣಿ, ಟೀವಿ ನೋಡಿದ್ಯಾ? ಸಮುದ್ರದ ಅಡೀಲಿ ಭೂಮಿ ಬಿರುಕು ಬಿಟ್ಟೈತಂತೆ. ಕೆಜಿಎಫ್‌ನಾಗೆ ಗಣಿ ತುಂಬಾ ನೀರು ನಿಂತೈತಲ್ಲ, ಅದೂ ಒಡೀತದಂತೆ. ಇಂಥಾ ಟೈಮಲ್ಲಿ ಎಣ್ಣು ನೋಡಕ್ಕೆ ಅಲ್ಲಿಗೆ ಎಂಗಮ್ಮ ಬರೋದು?"

ಹೀಗೆ ಕೇಳಿದವರು ಅಶ್ವತ್ಥಮ್ಮ, ಗಂಡಿನ ತಾಯಿ. ನನಗೆ ಮೈಯೆಲ್ಲ ಉರಿಯಿತು. ಆಷಾಢ ಕಳೆಯಲಿ ಎಂದು ಕಾದು, ಶ್ರಾವಣದ ಮೊದಲ ವಾರಕ್ಕೆ ನಾನೇ ಗೊತ್ತುಮಾಡಿದ್ದ ಸಂಬಂಧ ಅದು. ಹೆಣ್ಣು ನನ್ನಕ್ಕನ ಮಗಳು ಶ್ಯಾಮಲಾ. ಕೆಜಿಎಫ್‌ನ ಗಣಿ ಕಾಲೋನಿ ಮೈಸೂರು ಮೈನ್ಸಿನಿಂದ ದಿನಾ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಬರುತ್ತಾಳೆ. ಇದಕ್ಕೂ ಮೊದಲು ಬಂದ ಸಂಬಂಧಗಳು ಒಂದಲ್ಲ ಒಂದು ನೆಪಕ್ಕೆ ಮುರಿದಿದ್ದವು. ಈ ಸಲ ಮಾತ್ರ ಹುಡುಗಿಗೇ ಮನಸ್ಸಿತ್ತು. ಹಾಲಿನ ವ್ಯಾನು ಓಡಿಸುವ ಶ್ರೀಧರನ ಜತೆ ಫೋನಿನಲ್ಲಿ ಮಾತಾಡಿ, ಏನು ಹೇಳಿದನೋ, ಗಂಟಲು ಕಟ್ಟುವಷ್ಟು ನಕ್ಕಿದ್ದಳು. ಈ ಮದುವೆ ನಿಲ್ಲಬಾರದು, ನನಗೆ ಬೇಕಾಗಿದ್ದುದು ಅಷ್ಟೇ.

ಮೈಸೂರು ಮೈನ್ಸಿನಲ್ಲೂ ಅದೇ ಗಲಾಟೆ. ಒಂದು ಚಾನೆಲ್ಲಿನಲ್ಲಿ ಉಕ್ಕುವ ಸಮುದ್ರವನ್ನೂ ನಮ್ಮ ಮುಚ್ಚಿದ ಗಣಿಯನ್ನೂ ಅಕ್ಕಪಕ್ಕ ತೋರಿಸಿದ್ದರಂತೆ. ಅಕ್ಕನ ಪಕ್ಕದ ಮನೆಯ ನಾಗೇಶ್ ಸೂರು ಕುಸಿದೀತೆಂದು ಮಂಚವನ್ನು ಬೀದಿಗೆ ಎಳೆದುಕೊಂಡಿದ್ದ. ಅಲ್ಲಾ ಸ್ವಾಮಿ, ಸಮುದ್ರ ನೋಡಬೇಕೆಂದರೆ ಮದ್ರಾಸಿನ ರೈಲು ಹತ್ತಬೇಕಾದ ಊರು ನಮ್ಮದು! ನಮ್ಮ ಭಾವ, ಶ್ಯಾಮಲಾಳ ತಂದೆ ಆದಿನಾರಾಯಣ, ಇದನ್ನೆಲ್ಲ ನೋಡಿ ಮೂಗು ಮುರಿದರು. ಬಂಗಾರಪೇಟೆಯ ನನ್ನ ಮನೆಯಲ್ಲೇ ಹೆಣ್ಣು ತೋರಿಸೋಣ ಎಂದೆ. ಕೇಳಲಿಲ್ಲ.

"ಬರೋದಾದ್ರೆ ನಮ್ಮನೆ ಬಾಗ್ಲಿಗೇ ಬರ್ಲಿ. ಇಲ್ಲಾಂದ್ರೆ ಅವರ ಗಂಡು ಅವರ ಮನೇಲೇ ಇರ್ಲಿ."

ಹೇಗೋ ಅಶ್ವತ್ಥಮ್ಮನವರನ್ನು ಒಪ್ಪಿಸಿದೆ, ಶುಕ್ರವಾರ ಬಂದರು. ತಂದೆ ಸೀನಪ್ಪ, ತಾಯಿ, ಮಗ, ಮೂವರೂ ಬಾಗಿಲ ಪಕ್ಕದ ಕುರ್ಚಿಗಳನ್ನೇ ಆರಿಸಿಕೊಂಡರು. ಅಶ್ವತ್ಥಮ್ಮ ಹೆಣ್ಣಿಗಿಂತ ಹೆಚ್ಚು ಸೂರನ್ನೇ ನೋಡುತ್ತಿದ್ದರು. ಶ್ಯಾಮಲಾ ಕಾಫಿ ಕೊಟ್ಟಳು. ಶ್ರೀಧರ ತಲೆಯೆತ್ತಿ ನೋಡಿ ಮುಗುಳ್ನಕ್ಕ. ಅಬ್ಬಾ, ದಡ ಸೇರಿತು ಎಂದುಕೊಂಡೆ.

ಆಗಲೇ ನೆಲ ನಡುಗಿತು.

ದೊಡ್ಡದೇನಲ್ಲ. ಗಣಿ ಮುಚ್ಚಿದ್ದರೂ ಒಳಗಿನ ಕಲ್ಲು ಆಗೊಮ್ಮೆ ಈಗೊಮ್ಮೆ ಸಿಡಿಯುತ್ತದೆ, ಏರ್‌ಬ್ಲಾಸ್ಟ್ ಅನ್ನುತ್ತಾರೆ ಇಲ್ಲಿಯವರು. ಕಪಾಟಿನ ತಟ್ಟೆಗಳು ಗಲಗಲ ಎಂದವು. ಈ ಮನೆಯವರದು ಒಂದು ಅಭ್ಯಾಸ. ನೆಲ ಅಲ್ಲಾಡಿದರೆ ಏಳುವುದಿಲ್ಲ, ಕೈಗೆಟುಕಿದ ಪಾತ್ರೆಯನ್ನು ಒತ್ತಿ ಹಿಡಿದು ಕೂತಿರುತ್ತಾರೆ. ಭಾವ ಲೋಟ ಹಿಡಿದರು, ಅಕ್ಕ ತಿಂಡಿಯ ತಟ್ಟೆ ಹಿಡಿದಳು, ಶ್ಯಾಮಲಾ ಕಾಫಿಯ ಟ್ರೇ ಹಿಡಿದು ನಿಂತಲ್ಲೇ ನಿಂತಳು. ಶ್ರೀಧರ ಮಾತ್ರ "ಈಚೆ ಬನ್ರೀ ಎಲ್ರೂ!" ಎಂದು ಕಿರುಚಿ, ತಾಯಿಯ ರಟ್ಟೆ ಹಿಡಿದು ಎಳೆದುಕೊಂಡು ಓಡಿದ. ಸೀನಪ್ಪನವರು ಪಂಚೆ ಎತ್ತಿಕೊಂಡು ಹಿಂದೆಯೇ ಓಡಿದರು. ಲೋಟದ ಕಾಫಿ ನೆಲದ ಮೇಲೆ ಹರಿಯುವ ಹೊತ್ತಿಗೆ ಮೂವರೂ ಬೀದಿಯಾಚೆ ಬೇವಿನ ಮರದ ಕೆಳಗಿದ್ದರು.

ನಡುಕ ನಿಂತಿತು. ಬೀದಿಯಲ್ಲಿ ಮೊದಲು ನಕ್ಕವನು ನಾಗೇಶ್, ಮಂಚ ಹೊರಗೆಳೆದಿದ್ದ ಅದೇ ಮಹಾನುಭಾವ!

"ನೋಡಿದ್ರಾ ಗಂಡಿನ ಪ್ರತಾಪ!" ಒಳಗೆ ಭಾವ ಗುಡುಗಿದರು. "ಇಂಥಾ ಪುಕ್ಕಲನಿಗೆ ನನ್ನ ಮಗಳನ್ನ ಕೊಡಲ್ಲ. ನಮ್ಮಪ್ಪನ ಕಥೆ ಇಡೀ ಮೈನ್ಸಿಗೇ ಗೊತ್ತೈತೆ. ಗಣಿ ಒಳಗೆ ಕಲ್ಲು ಸಿಡಿಯಕ್ಕೆ ಸುರುವಾದಾಗ ಜತೇಲಿದ್ದೋರೆಲ್ಲ ಮೇಲಕ್ಕೆ ಓಡಿದ್ರು. ನಮ್ಮಪ್ಪ ಓಡ್ಲಿಲ್ಲ. ಇದೆಲ್ಲ ಮಾಮೂಲು, ಕೆಲಸ ಮುಗಿಸಿ ಬತ್ತೀನಿ ಅಂತ ನಿಂತ. ಅಂಥಾ ವಂಶಕ್ಕೆ ಇವನು ಅಳಿಯನಾ?"

ಆ ಕೆಲಸ ಮುಗಿಯಲಿಲ್ಲ, ಅವರು ಬರಲೂ ಇಲ್ಲ. ಭಾವ ಆಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ದೊಡ್ಡವರಾಗಿ ತಾವೂ ಗಣಿ ಮುಚ್ಚುವವರೆಗೆ ಅದೇ ಪಾತಾಳಕ್ಕೆ ಇಳಿದವರು.

ನನಗೂ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ನಾನು ತಂದ ಸಂಬಂಧವಲ್ಲವೇ? ಬೀದಿ ದಾಟಿ ಹೋಗಿ ತರಾಟೆಗೆ ತೆಗೆದುಕೊಂಡೆ. "ಏನಪ್ಪ ಶ್ರೀಧರ, ಎಣ್ಮಕ್ಕಳು ಅಲ್ಲಾಡದೆ ನಿಂತಿದ್ರೆ ನೀನು ಇಂಗೆ ಮಾನ ಕಳೆಯೋದಾ?"

ಅವನ ಮುಖ ಬಿಳಿಚಿಕೊಂಡಿತ್ತು. "ಎದರ್ಕೆ ಆಯ್ತಕ್ಕ, ಓಡ್ದೆ. ಸುಳ್ಳು ಯಾಕೆ ಏಳ್ಲಿ? ನೀವೆಲ್ಲ ಕೂತೇ ಇದ್ರಲ್ಲ, ಅದನ್ನ ನೋಡಿ ಇನ್ನೂ ಎದರ್ಕೆ ಆಯ್ತು." ಒಳಗೆ ಬಾ ಎಂದರೆ ತಲೆಯಾಡಿಸಿದ. "ಯಾವ ಮುಖ ಇಟ್ಕೊಂಡು ಬರ್ಲಿ? ನಾವು ಓಗ್ತೀವಿ." ಸೀನಪ್ಪನವರು ಆಗಲೇ ಆಟೋಗೆ ಕೈ ತೋರಿಸುತ್ತಿದ್ದರು.

ಮುಗಿಯಿತು ಎಂದುಕೊಂಡು ವಾಪಸು ಬಂದೆ. ಶ್ಯಾಮಲಾ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

"ಓಗ್ಲಿ ಬಿಡು ಮಗಾ. ಇಂಥವನನ್ನ ಕಟ್ಕೊಂಡು ಏನು ಸುಖ?" ಎಂದೆ.

"ನಂಗೂ ಓಡ್ಬೇಕು ಅನ್ನಿಸ್ತು ಚಿಕ್ಕಮ್ಮ," ಎಂದಳು. "ಯಾವಾಗ್ಲೂ ಅನ್ನಿಸ್ತದೆ. ಅಪ್ಪ ನೋಡ್ತಾರಲ್ಲ ಅಂತ ನಿಂತ್ಕೋತೀನಿ."

ಈ ಮಾತು ನಡುಮನೆಗೂ ಕೇಳಿಸಿತು. ಭಾವನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಮುನಿಗಂಗಮ್ಮ ಮಾತಾಡಿದರು. ಮನೆಯ ವಿಚಾರಗಳಲ್ಲಿ ಆ ಮುದುಕಿ ಬಾಯಿ ಹಾಕಿದ್ದನ್ನು ನಾನು ಕಂಡೇ ಇರಲಿಲ್ಲ.

"ನಿಮ್ಮಪ್ಪ ಓಡ್ಲಿಲ್ಲ, ನಿಜ. ಊರೆಲ್ಲ ಒಗಳ್ತು. ಒಗಳಿದೋರು ಯಾರೂ ನಂಗೆ ಗಂಡ ಆಗ್ಲಿಲ್ಲ, ನಿಂಗೆ ಅಪ್ಪ ಆಗ್ಲಿಲ್ಲ. ಅವತ್ತು ಓಡಿ ಬಂದಿದ್ರೆ ನೀನು ಅವನ ಮುಖ ನೋಡಿರ್ತಿದ್ದೆ ಕಣ್ಲಾ, ನಾರಾಯಣ."

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ನೀನು ಗಣಿಗೆ ಇಳಿಯೋವಾಗ್ಲೂ, ದೇವ್ರೇ, ಇವನಿಗಾದ್ರೂ ಓಡೋ ಬುದ್ಧಿ ಕೊಡಪ್ಪ ಅಂತ ದಿನಾ ಕೈ ಮುಗೀತಿದ್ದೆ. ಆ ಉಡುಗ ಓಡ್ತಾನೆ. ಸಾಯಂಕಾಲ ಮನೆಗೆ ಬತ್ತಾನೆ. ಅವನಿಗೇ ಕೊಡು ಕಣ್ಲಾ."

ಹೊರಗೆ ಆಟೋ ಬಂದು ನಿಂತ ಸದ್ದಾಯಿತು. ಅಕ್ಕ ಭಾವನ ಮುಖ ನೋಡಿದಳು, ನಾನೂ ನೋಡಿದೆ. ಅವರು ಇನ್ನೂ ಕೈಯಲ್ಲೇ ಇದ್ದ ಲೋಟವನ್ನು ಕೆಳಗಿಟ್ಟರು. ಸೆಟೆದುಕೊಂಡೇ ಇರುವ ಆ ಮನುಷ್ಯನ ಮೇಲೆ ನನಗೆ ಅವತ್ತು ಕನಿಕರ ಹುಟ್ಟಿತು. ಎದ್ದು, ಟವಲ್ಲನ್ನು ಹೆಗಲಿಗೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಬೀದಿಗೆ ನಡೆದರು. ಜಗಳಕ್ಕೇ ಹೊರಟರೇನೋ ಎಂದು ನಾನೂ ಹಿಂದೆಯೇ ಓಡಿದೆ.

ಶ್ರೀಧರ ಆಟೋದೊಳಗೆ ತಾಯಿಯನ್ನು ಹತ್ತಿಸುತ್ತಿದ್ದ. ಭಾವ ಹೋಗಿ ಅವನ ಪಕ್ಕದಲ್ಲಿ ನಿಂತರು. ಆಮೇಲೆ, ನಾಗೇಶನಿಗೂ ಕೇಳಿಸುವಂತೆ ಹೇಳಿದರು:

"ನಂಗೂ ಎದರ್ಕೇನೇ ಆಗಿತ್ತು, ಅಳಿಯಂದ್ರೇ. ಒಳಗೆ ಬನ್ನಿ."