ಅಪ್ಪನ ಹೆಸರಿನ ಖಾನೆ

"ಸೂಳೆಮಗನ, ನಿನಗ ಅಪ್ಪ ಇಲ್ಲಂದ್ರ ಕಂಪ್ಯೂಟರ್ ಏನ್ ಮಾಡಬೇಕಲೇ? ಹುಟ್ಟಿಸಿ ಕೊಡಬೇಕೇನು?"

ಕೂಲಿಗಳ ಮುಕಾದಮ ಶೆಟ್ಟೆಪ್ಪ ಹೀಗೆ ಕೂಗಿದಾಗ ಬಾಗಿಲಲ್ಲಿ ಸಾಲುಗಟ್ಟಿ ನಿಂತವರೆಲ್ಲ ನಕ್ಕರು. ಯಲ್ಲಾಲಿಂಗನೂ ನಕ್ಕ. ತನ್ನನ್ನು ಬೈದಾಗ ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ಅರ್ಧ ಬೈಗುಳ ಅಲ್ಲೇ ಮುಗಿದುಹೋಗುತ್ತದೆ ಎಂಬುದು ಅವನು ಬದುಕಿನಲ್ಲಿ ಕಲಿತಿದ್ದ ಒಂದೇ ವಿದ್ಯೆ. ಅದೂ ಅಲ್ಲದೆ, ಆ ಮಾತು ಬೇರೆಯವರಿಗೆ ಬೈಗುಳ; ಅವನಿಗೆ ವಿಳಾಸ. ಅವನ ಅವ್ವ ಹನುಮವ್ವನನ್ನು ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದರು. ದೇವರು ಅವಳ ಮನೆಗೆ ಒಂದು ದಿನವೂ ಬರಲಿಲ್ಲ, ಊರಿನ ದೊಡ್ಡವರು ಬಂದರು. ಶೆಟ್ಟೆಪ್ಪ ಅದೇ ಊರಿನ ಪಕ್ಕದ ಹಳ್ಳಿಯವ. ಮುಂಬಯಿಗೆ ಬಂದರೂ ಊರಿನ ಲೆಕ್ಕ ಮರೆತವನಲ್ಲ.

ಚೆಂಬೂರಿನ ಕೊಳಚೆ ನಾಲಾದ ದಂಡೆಯ ಮೇಲೆ ತಗಡಿನ ಡಬ್ಬಿಯಂಥ ಆಫೀಸು. ಮಳೆಗಾಲಕ್ಕೆ ಮುಂಚೆ ನಾಲಾದ ಹೂಳು ತೆಗೆಯುವ, ಚೇಂಬರು ಎಂಬ ಗಟಾರದ ಗುಂಡಿ ಬಳಿಯುವ ಠೇಕೆ ಹಿಡಿದ ಸೇಠ್ ಈ ವರ್ಷ ಹೊಸ ಪದ್ಧತಿ ತಂದಿದ್ದ. ಪ್ರತಿಯೊಬ್ಬನಿಗೂ ಕೊರಳಿಗೆ ಒಂದು ಕಾರ್ಡು. ಗೇಟಿನ ಯಂತ್ರಕ್ಕೆ ಅದನ್ನು ತೋರಿಸಿದರೆ ಹಾಜರಿ ಬೀಳುತ್ತದೆ. ಕಾರ್ಡು ಇದ್ದವನಿಗೆ ಆಸ್ಪತ್ರೆಯ ವಿಮೆಯೂ ಉಂಟು. ಯಲ್ಲಾಲಿಂಗನ ಕಾರ್ಡೂ ಬಂದಿತ್ತು. ಫೋಟೋ ಚೆಂದಾಗಿ ಮೂಡಿತ್ತು, ಮೂಗು ಸಮೇತ. ರಕ್ತದ ಗುಂಪೂ ಇತ್ತು. ಹೆಸರಿರಬೇಕಾದಲ್ಲಿ ಮಾತ್ರ ಬಿಳಿ ಪಟ್ಟಿ.

"ಅಕ್ಷಯಾ, ನನ್ನ ಹೆಸರು ನೀ ನನ್ನ ಎದುರಿಗೇ ಹೊಡದೀಯಲ್ಲೋ ತಮ್ಮಾ. ಅದೆಲ್ಲಿಗಿ ಹೋತು?"

ಕಂಪ್ಯೂಟರಿನ ಮುಂದೆ ಕೂತ ಅಕ್ಷಯ ಉಡುಪಿ ಕಡೆಯವರ ಹುಡುಗ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಕನ್ನಡವನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವನ ಹಾಗೆ ಆಡುತ್ತಿದ್ದ.

"ಅಂಕಲ್, ನಿಮ್ಮ ನಾಮ್ ಒಳಗೆ ಉಂಟು. ಈ ಫಾರ್ಮಿನಲ್ಲಿ ಮೂರು ಖಾನೆ. ನಿಮ್ಮ ಹೆಸರು, ಅಪ್ಪನ ಹೆಸರು, ಹೆಂಗಸರಿಗಾದ್ರೆ ಗಂಡನದ್ದು, ಮತ್ತೆ ಅಡ್ಡಹೆಸರು. ಕಾರ್ಡಿಗೆ ಹೋಗುವಾಗ ಮೂರನ್ನೂ ಸೇರಿಸಿ ಒಂದು ಮಾಡ್ತದೆ. ನಿಮ್ಮದು ಎರಡು ಖಾನೆ ಖಾಲಿ. ಒಂದು ಖಾಲಿ ಇದ್ರೂ ಪೂರಾ ಖಾಲಿ ಆಗ್ತದೆ."

"ಒಂದಾರ ತುಂಬೇತಲ್ಲ. ಇದ್ದದ್ದು ಬರಬೇಕಲ್ಲೋ?"

"ಅದೇ ಅಲ್ವಾ ಲಫಡಾ. ಕಂಪ್ಯೂಟರಿಗೆ ಖಾಲಿ ಅಂದ್ರೆ ಏನೂ ಇಲ್ಲ ಅಂತ ಅಲ್ಲ. ಗೊತ್ತಿಲ್ಲ ಅಂತ. ಗೊತ್ತಿದ್ದದ್ದಕ್ಕೆ ಗೊತ್ತಿಲ್ಲದ್ದು ಸೇರಿಸಿದ್ರೆ ಎಲ್ಲ ಸೇರಿ ಗೊತ್ತಿಲ್ಲ ಅಂತಲೇ ಆಗ್ತದೆ."

ಯಲ್ಲಾಲಿಂಗ ತಲೆ ಕೆರೆದುಕೊಂಡ. ಊರಿನ ಶಾಲೆಯ ಮಾಸ್ತರರೂ ಹೀಗೆಯೇ ಮಾಡಿದ್ದರು. ಅಪ್ಪನ ಹೆಸರು ಗೊತ್ತಿಲ್ಲವೆಂದು ಅವನಿಗೆ ಬರುತ್ತಿದ್ದ ಮಗ್ಗಿಯನ್ನೂ ಕೇಳಿರಲಿಲ್ಲ. ಕಂಪ್ಯೂಟರು ಹೊಸದೇನೂ ಕಲಿತಿಲ್ಲ, ಪಾಪ.

"ಸರಿ ಮಾಡಾಕ ಬರೂದಿಲ್ಲೇನು?"

"ಬರ್ತದೆ. ಖಾಲಿ ಇದ್ರೆ ಅದನ್ನು ಬಿಟ್ಟು ಮುಂದಕ್ಕೆ ಹೋಗು ಅಂತ ಒಂದು ಲೈನ್ ಬರೆದ್ರೆ ಆಯ್ತು. ಸೇಠ್‌ಗೆ ಕೇಳಿದೆ. ಕಿತನೇ ಲೋಗ್ ಹೈ ಐಸೇ ಅಂದ್ರು. ಸುಮಾರು ಜನ ಇದ್ದಾರೆ ಅಂದೆ. ಹಾಗೇ ಇರ್ಲಿ ಅಂದ್ರು."

ಶೆಟ್ಟೆಪ್ಪ ಕಾರ್ಡನ್ನು ಮೇಜಿನ ಮೇಲಿಂದ ಬೆರಳಲ್ಲಿ ಚಿಮ್ಮಿ ಕೆಳಗೆ ಬೀಳಿಸಿದ. "ಕೆಲಸ ಬೇಕಂದ್ರ ಗೇಟಿನ ಕಡೆ ಬರಬ್ಯಾಡ. ಹಿಂದ ಗ್ವಾಡಿ ಒಡದೈತಿ, ಅದರಾಗ ತೂರಿ ಬಾ. ಪಗಾರ ಕೈಯಾಗ ಕೊಡತೀನಿ, ಕೊಟ್ಟಷ್ಟು ಇಸ್ಕೋ. ನಾಯಿ ಬರೂದಿಲ್ಲೇನು ಹಂಗ?"

"ಬರ್ತಾವ್ರಿ," ಎಂದ ಯಲ್ಲಾಲಿಂಗ. ಮತ್ತೆ ನಕ್ಕ.

ಮಾರನೆಯ ದಿನದಿಂದ ಅವನು ಗೋಡೆಯ ಸಂದಿಯಲ್ಲೇ ತೂರತೊಡಗಿದ. ಅವನ ಹಾಗೆಯೇ ಇನ್ನಷ್ಟು ಜನ ಅಲ್ಲಿ ತೂರುತ್ತಿದ್ದರು. ಒಬ್ಬನಿಗೆ ಅಪ್ಪ ಗೊತ್ತಿಲ್ಲ, ಒಬ್ಬಳಿಗೆ ಗಂಡ ಓಡಿಹೋದವ, ಇನ್ನೊಬ್ಬನಿಗೆ ಅಡ್ಡಹೆಸರೇ ಇಲ್ಲ. ಇದ್ದ ಅಡ್ಡಹೆಸರು ಹೇಳಿದರೆ ಜಾತಿ ತಿಳಿಯುತ್ತದೆಂದು ಅವರಪ್ಪನೇ ಅದನ್ನು ಊರಲ್ಲಿ ಬಿಟ್ಟುಬಂದಿದ್ದ. ಯಲ್ಲಾಲಿಂಗ ಎಲ್ಲರನ್ನೂ ನಗಿಸುತ್ತಿದ್ದ. "ನಾವು ದೇವರಂಗ ಆಗೀವಿ ನೋಡ್ರಿ. ಎಲ್ಲಾ ಕೆಲಸ ನಾವ ಮಾಡತೀವಿ, ಯಾರ ಕಣ್ಣಿಗೂ ಕಾಣೂದಿಲ್ಲ," ಎನ್ನುತ್ತಿದ್ದ. ಬಿಳಿ ಪಟ್ಟಿಯ ಕಾರ್ಡನ್ನು ಕೊರಳಿಂದ ತೆಗೆದಿರಲಿಲ್ಲ. ಫೋಟೋ ಚೆಂದ ಬಂದಿತ್ತಲ್ಲ, ಅದಕ್ಕೆ.

ಅವನ ಜೋಡಿಗಾರ ಕಾಶಪ್ಪ. ಅವನಿಗೆ ಅಪ್ಪನ ಹೆಸರೂ ಇತ್ತು, ಅಡ್ಡಹೆಸರೂ ಇತ್ತು, ಕಾರ್ಡಿನ ತುಂಬ ಅಕ್ಷರಗಳಿದ್ದವು. ಒಂದು ಮಧ್ಯಾಹ್ನ ಇಬ್ಬರನ್ನೂ ದೊಡ್ಡ ಬಿಲ್ಡಿಂಗಿನ ಹಿಂದಿನ ಚೇಂಬರಿಗೆ ಕಳಿಸಿದರು. ಕಾಶಪ್ಪ ಮೊದಲು ಇಳಿದ. ಸೊಂಟದ ಹಗ್ಗ ಜಗ್ಗಲಿಲ್ಲ, ಮಾತು ಬರಲಿಲ್ಲ. ಯಲ್ಲಾಲಿಂಗ ಬಗ್ಗಿ ನೋಡಿದ. ಕಾಶಪ್ಪ ಕೆಸರಿನಲ್ಲಿ ಕೂತು ನಿದ್ದೆಗೆ ಬಿದ್ದವನ ಹಾಗೆ ತಲೆ ತೂಗುತ್ತಿದ್ದ. ವೀರನಾಗಬೇಕೆಂದು ಯಲ್ಲಾಲಿಂಗ ಇಳಿಯಲಿಲ್ಲ. ಬಗ್ಗಿದಾಗ ಮೂಗಿಗೆ ಹೊಡೆದ ವಾಸನೆಗೆ ತಲೆ ತಿರುಗಿ, ಕಾಲು ಜಾರಿ, ದೊಪ್ಪನೆ ಕಾಶಪ್ಪನ ಮೇಲೇ ಬಿದ್ದ. ಬಿದ್ದ ಪೆಟ್ಟಿಗೆ ಕಾಶಪ್ಪನಿಗೆ ಎಚ್ಚರವಾಗಿ ಒಂದು ಕೂಗು ಹೊರಟಿತು. ಆ ಕೂಗಿಗೆ ಜನ ಓಡಿಬಂದು ಇಬ್ಬರನ್ನೂ ಎಳೆದು ಹಾಕಿದರು. ಯಲ್ಲಾಲಿಂಗ ತನ್ನ ಜೀವ ಉಳಿಸಿದನೆಂದು ಕಾಶಪ್ಪ ಆಮೇಲೆ ಎಲ್ಲರ ಮುಂದೆ ಹೇಳುತ್ತಿದ್ದ. ಯಲ್ಲಾಲಿಂಗ ತಿದ್ದಲು ಹೋಗಲಿಲ್ಲ. ಬಿಟ್ಟಿಯಾಗಿ ಬಂದ ಮರ್ಯಾದೆ, ಇರಲಿ.

ಆಸ್ಪತ್ರೆಯಲ್ಲಿ ಕೌಂಟರಿನವಳು ಇಬ್ಬರ ಕಾರ್ಡೂ ಇಸಿದುಕೊಂಡಳು. ಕಾಶಪ್ಪನ ಕಾರ್ಡಿಗೆ ಮಂಚ ಸಿಕ್ಕಿತು, ಮೂಗಿಗೆ ನಳಿಗೆ ಸಿಕ್ಕಿತು. ಯಲ್ಲಾಲಿಂಗನ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇಸ್ ಪೇ ನಾಮ್ ಹೀ ನಹೀ ಹೈ" ಎಂದಳು. ಕಂಪನಿಗೆ ಫೋನು ಹೋಯಿತು. ಆ ಕಡೆಯಿಂದ ಶೆಟ್ಟೆಪ್ಪ, ಅಂಥವನು ನಮ್ಮಲ್ಲಿ ಯಾರೂ ಇಲ್ಲ, ದಾರಿಹೋಕ ಇರಬೇಕು ಎಂದ. ಆ ಮಾತು ಫೋನಿನಿಂದ ಹೊರಗೂ ಕೇಳಿಸಿತು. ದಾರಿಹೋಕ ಹೊರಗಿನ ಬೆಂಚಿನ ಮೇಲೆ ಕೂತು ಸಂಜೆಯವರೆಗೂ ವಾಂತಿ ಮಾಡಿಕೊಂಡ. ಇಬ್ಬರೂ ಬಿದ್ದದ್ದು ಒಂದೇ ಗುಂಡಿ, ಕುಡಿದದ್ದು ಒಂದೇ ಗಾಳಿ. ಗಾಳಿಗೆ ಮಾತ್ರ ಒಳಗೆ ಹೋಗುವ ಮುಂಚೆ ಅವನಪ್ಪನ ಹೆಸರು ಕೇಳಬೇಕು ಅನಿಸಿರಲಿಲ್ಲ.

ಖೋಲಿಗೆ ಬಂದಾಗ ಹನುಮವ್ವ ಸ್ಟೋವಿನ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಲ್ಲಾಲಿಂಗ ಗೋಡೆ ನೋಡುತ್ತ ಕೇಳಿದ.

"ಯವ್ವಾ, ನಮ್ಮಪ್ಪ ಯಾರು?"

ಬಡಿಯುವ ಕೈ ನಿಲ್ಲಲಿಲ್ಲ. "ಇಷ್ಟು ವರ್ಷ ಕೇಳದಾಂವ ಇವತ್ಯಾಕ ಕೇಳತಿ? ಅಂವನ ಹೊಲ ಪಾಲಿಗೆ ಬಂತೇನು?"

"ಕಾರ್ಡಿಗೆ ಬೇಕಂತ. ಅದಿಲ್ಲಂದ್ರ ನನ್ನ ಹೆಸರೂ ಬರೂದಿಲ್ಲಂತ."

ಹನುಮವ್ವ ನಕ್ಕಳು. ಹಲ್ಲಿಲ್ಲದ ಬಾಯಿ, ಹೊಟ್ಟೆ ಕುಣಿಯುವ ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಸೆರಗಿನಿಂದ ಒರೆಸಿಕೊಂಡಳು. ಆ ನೀರು ನಗುವಿನದಷ್ಟೇ ಎಂದು ಯಲ್ಲಾಲಿಂಗ ನಂಬಲು ಪ್ರಯತ್ನಪಟ್ಟ.

"ಗೌಡನ ಹೆಸರು ಹೇಳಲೋ, ಪೂಜಾರಿದು ಹೇಳಲೋ? ಯಾಂವಂದಾರ ಬರಸು, ಅವರೇನು ಬಂದು ಇಲ್ಲನ್ನಾಂಗಿಲ್ಲ. ಹೂಂ ಅನ್ನಾಂಗೂ ಇಲ್ಲ. ಥೂ, ಅವರ ಹೆಸರು ನಿನ್ನ ಕೊರಳಾಗ ಯಾಕ ಕಟಗೋತಿ? ಒಬ್ಬರಾರ ಒಂದು ಹಸಿರು ಬಳಿ ತಂದು ಕೊಟ್ಟವರಲ್ಲ ನನಗ. ನಿನ್ನ ಬಗಲಾಗ ಕಟಗೊಂಡು ದಾದರದ ಹೂವಿನ ಮಾರ್ಕೆಟ್ಟಿನಾಗ ಕೊಳೆತ ಹೂವ ಬಳದೀನಿ. ನನ್ನ ಹೆಸರಿಗೇನು ಹುಳ ಬಿದ್ದಾವೇನು?"

"ಅವ್ವನ ಹೆಸರಿಗಿ ಖಾನೆ ಇಲ್ಲಂತ."

"ಇಲ್ಲಂದ್ರ ಅಪ್ಪನ ಖಾನೆದಾಗ ಬರಸು. ಅಂವಂದೂ ಕೆಲಸ ನಾನ ಮಾಡೀನಲ್ಲ," ಎಂದು ರೊಟ್ಟಿಯನ್ನು ಹಂಚಿನ ಮೇಲೆ ಒಗೆದಳು.

ಅದಾದ ಮೇಲೆ ಹೆಚ್ಚು ದಿನ ಹೋಗಲಿಲ್ಲ. ಮಹಾಪಾಲಿಕೆಯ ದೊಡ್ಡ ಸಾಹೇಬರು ನಾಲಾ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಟೆಂಡರಿನಲ್ಲಿ ಬರೆದಷ್ಟು ಕೂಲಿಗಳು ಗೇಟಿನ ಯಂತ್ರದಲ್ಲಿ ಕಾಣಬೇಕು, ಇಲ್ಲದಿದ್ದರೆ ಠೇಕೆ ಹೋಗುತ್ತದೆ. ಸೇಠ್‌ಗೆ ಇದ್ದಕ್ಕಿದ್ದಂತೆ ಎಲ್ಲರ ಹೆಸರೂ ಬೇಕಾದವು. ಬೆಳಿಗ್ಗೆಯೇ ಗೋಡೆಯ ಸಂದಿಗೆ ತಗಡು ಬಡಿದು, ಎಲ್ಲರನ್ನೂ ಗೇಟಿನ ಮುಂದೆ ನಿಲ್ಲಿಸಿ, ಅಕ್ಷಯನ ಮೇಜನ್ನು ಹೊರಗೆ ತಂದಿಟ್ಟರು.

"ಸಾರ್, ಆ ಒಂದು ಲೈನ್ ಬದಲಿ ಮಾಡಿದ್ರೆ ಎಲ್ಲರ ಹೆಸರೂ ಬರ್ತದೆ," ಎಂದ ಅಕ್ಷಯ.

"ನೀ ಬಾಯಿ ಮುಚ್ಚು," ಎಂದ ಶೆಟ್ಟೆಪ್ಪ. "ಅಪ್ಪ ಇಲ್ಲದವಗೂ ಅಪ್ಪ ಇದ್ದವಗೂ ಒಂದ ನಮೂನಿ ಕಾರ್ಡೇನು? ಖಾಲಿ ಇದ್ದಲ್ಲಿ ಎಲ್ಲಾ ಎನ್ಎ ಹೊಡಿ, ನಾಟ್ ಅಪ್ಲಿಕೇಬಲ್ ಅಂತ. ಏ ಯಲ್ಲ್ಯಾ, ಬಾರಲೇ ಇಲ್ಲಿ. ಎನ್ಎ ಅಂದ್ರ ಏನು ಗೊತ್ತೈತೇನು? ನಿಮ್ಮಪ್ಪ. ಕಾಲು ಬೀಳು."

ಸಾಲಿನಲ್ಲಿ ನಗೆ ಎದ್ದಿತು. ಯಲ್ಲಾಲಿಂಗನೂ ನಗಬೇಕೆಂದು ಬಾಯಿ ತೆರೆದ. ನಗು ಬರಲಿಲ್ಲ. ಬಂದಿದ್ದರೆ ಖಂಡಿತ ನಕ್ಕುಬಿಡುತ್ತಿದ್ದ, ಅಷ್ಟೇನೂ ಧೈರ್ಯದ ಮನುಷ್ಯ ಅವನಲ್ಲ. ತೆರೆದ ಬಾಯಿಯಿಂದ ಏನಾದರೂ ಹೊರಡಬೇಕಲ್ಲ, ಹೊರಟದ್ದು ಇಷ್ಟು:

"ಖಾಲಿ ಇದ್ದಲ್ಲಿ ಹನುಮವ್ವ ಅಂತ ಬರೀ ತಮ್ಮಾ."

"ಅಪ್ಪನ ಖಾನೆದಾಗ ಹೆಂಗಸಿನ ಹೆಸರಾ? ಅದೂ ಆ ಬಸವಿದು?" ಶೆಟ್ಟೆಪ್ಪ ಮೇಜು ಗುದ್ದಿದ. "ಸೇಠ್ ನನ್ನ ಚರ್ಮ ಸುಲೀತಾನ. ಎನ್ಎ ಹೊಡಿ."

"ಹಂಗಾರ ಖಾಲಿ ಬಿಡ್ರಿ."

"ಖಾಲಿ ಬಿಟ್ಟರ ನಿನ್ನ ಹೆಸರು ಬರೂದಿಲ್ಲಲೇ ಹಡಬಿಟ್ಟಿ!"

"ಬರದಿದ್ರ ಬ್ಯಾಡ್ರಿ. ಮೊದಲೂ ಇರಲಿಲ್ಲ."

ಯಲ್ಲಾಲಿಂಗನಿಗೆ ಉಚ್ಚೆಗೆ ಹೋಗಬೇಕು ಅನಿಸಿತು. ಇಷ್ಟು ಹೇಳಿ ಸರಿದು ನಿಂತು, ಆಮೇಲೆ ಹೋಗಿ ಕೈಮುಗಿದು ಎನ್ಎ ಹಾಕಿಸಿಕೊಂಡರಾಯಿತು ಎಂದೂ ಒಂದು ಲೆಕ್ಕ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಕಾಶಪ್ಪ ಕೆಮ್ಮುತ್ತ ಮುಂದೆ ಬಂದ. ಆಸ್ಪತ್ರೆಯಿಂದ ಬಂದ ಮೇಲೂ ಅವನ ಕೆಮ್ಮು ಹೋಗಿರಲಿಲ್ಲ.

"ನನ್ನ ಕಾರ್ಡಿನಾಗ ನಮ್ಮಪ್ಪ ಅದಾನಲ್ಲ, ಅಂವನ್ನ ತಗಿ."

"ನಿನಗೇನು ದಾಡಿ ಬಂದೈತೋ?" ಶೆಟ್ಟೆಪ್ಪ ಕೂಗಿದ.

"ಯಲ್ಲಾಲಿಂಗ ಹೊರಗ ಕುಂತು ವಾಂತಿ ಮಾಡಾಕತ್ತಿದ್ದ, ನಾ ಒಳಗ ಮಂಚದ ಮ್ಯಾಲ ಮಲಗಿದ್ದೆ. ನಿದ್ದಿ ಬರಲಿಲ್ರಿ ನನಗ. ತಗಿಯೋ ಅಕ್ಷಯಾ. ನಮ್ಮಪ್ಪ ಸತ್ತು ಬಾಳ ವರ್ಷ ಆತು, ಬ್ಯಾಸರ ಮಾಡಕೊಳ್ಳಾಂಗಿಲ್ಲ."

ಅಕ್ಷಯ ಶೆಟ್ಟೆಪ್ಪನ ಮುಖ ನೋಡಿದ, ಕಾಶಪ್ಪನ ಮುಖ ನೋಡಿದ. "ಕೂಲಿಯವರು ಹೇಳಿದ್ದನ್ನೇ ಬರೀಬೇಕು ಅಂತ ರೂಲ್ ಉಂಟು ಸಾರ್," ಎಂದು ಮೆಲ್ಲಗೆ ಹೇಳಿ ಒಂದು ಕೀಲಿ ಒತ್ತಿದ. ಕಾಶಪ್ಪನ ಉದ್ದನೆಯ ಹೆಸರು ಪರದೆಯಿಂದ ಅಳಿಸಿಹೋಯಿತು.

ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಕಸದ ಬುಟ್ಟಿ ಹೊರುವ ವಂದನಾ ಸೆರಗು ಸಿಕ್ಕಿಸಿ ಮುಂದೆ ಬಂದಳು. ಸೊಲ್ಲಾಪುರದವಳು, ಮರಾಠಿ ಕಲಸಿದ ಕನ್ನಡ. "ನನ್ನ ಗಂಡಂದೂ ತಗಿ ರೇ. ನವರಾ ದಾರು ಕುಡದು ಸ್ಟೇಶನ್ನಿನಾಗ ಬಿದ್ದಿರ್ತಾನ. ಅವನ ಹೆಸರು ಕೊರಳಾಗ ಹಾಕ್ಕೊಂಡು ನಾ ಗಟಾರ ಬಳೀಬೇಕಾ?"

ಆಮೇಲೆ ತಡೆಯುವುದಾಗಲಿಲ್ಲ. ಶೆಟ್ಟೆಪ್ಪ ಒಬ್ಬನ ಅಂಗಿ ಹಿಡಿದು ಜಗ್ಗುವುದರೊಳಗೆ ಇನ್ನಿಬ್ಬರು ಮೇಜಿಗೆ ಬಂದಿರುತ್ತಿದ್ದರು. ನಮ್ಮಪ್ಪನ ತಗಿ, ನನ್ನ ಗಂಡನ ತಗಿ, ಅಡ್ಡಹೆಸರು ತಗಿ. ಒಂದು ಖಾನೆ ಅಳಿಸಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರು ತಾನೇ ನುಂಗುತ್ತಿತ್ತು. ಸೇಠ್ ಹಾಗೇ ಇರಲಿ ಎಂದದ್ದು ಹಾಗೇ ಇತ್ತು.

ಸಾಹೇಬರ ಬಿಳಿ ಗಾಡಿ ಬಂದು ನಿಂತಿತು. ಹಿಂದೆಯೇ ಸೇಠ್‌ನ ಗಾಡಿ. ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಯಂತ್ರದ ಪರದೆ ನೋಡಿದರು. ಅಲ್ಲಿ ಸಾಲಿಗೆ ಸಾಲು ಬಿಳಿ. ಎದುರಿಗಿದ್ದ ಜನರನ್ನು ನೋಡಿದರು, ಮತ್ತೆ ಪರದೆ ನೋಡಿದರು. "ಯೇ ಸಬ್ ಕೌನ್ ಹೈ?"

ಸೇಠ್ ಶೆಟ್ಟೆಪ್ಪನ ಕಡೆ ನೋಡಿದ. ಶೆಟ್ಟೆಪ್ಪ ಅಕ್ಷಯನ ಕಡೆ ನೋಡಿದ. ಯಲ್ಲಾಲಿಂಗನ ಮೊಣಕಾಲು ಎಷ್ಟು ನಡುಗತೊಡಗಿದವೆಂದರೆ ಎಲ್ಲರಿಗೂ ಕಂಡೀತೆಂದು ಅವನು ಥಟ್ಟನೆ ಗೇಟಿನ ಎದುರಿಗೇ ನೆಲಕ್ಕೆ ಕೂತುಬಿಟ್ಟ. ಅದನ್ನು ನೋಡಿ ಕಾಶಪ್ಪ ಅವನ ಪಕ್ಕದಲ್ಲಿ ಕೂತ. ವಂದನಾ ಬುಟ್ಟಿ ಬೋರಲು ಹಾಕಿ ಕೂತಳು. ಒಬ್ಬರ ಹಿಂದೊಬ್ಬರು ಎಲ್ಲರೂ ಕೂತರು. ಗೇಟು ತುಂಬಿತು.

"ಚಲೋ ಮಾಡಿದಿ," ಕಾಶಪ್ಪ ಕಿವಿಯಲ್ಲಿ ಪಿಸುಗುಟ್ಟಿದ. "ಕುಂದ್ರಬೇಕಂತ ನನಗ ಹೊಳದಿರಲಿಲ್ಲ ನೋಡು."

ನಾಲಾದ ಮೇಲೆ ಮೊದಲ ಹನಿಗಳು ಬಿದ್ದವು. ತೆಗೆಯದೆ ಉಳಿದ ಪ್ಲಾಸ್ಟಿಕ್ ರಾಶಿ ಮೆಲ್ಲಗೆ ಅಲುಗಿತು. ಶೆಟ್ಟೆಪ್ಪ ಓಡಿಬಂದು ಮುಂದೆ ಬಗ್ಗಿ ನಿಂತ. ಅವನ ದನಿ ಪೂರ್ತಿ ಬೇರೆಯಾಗಿತ್ತು. "ಯಲ್ಲಾಲಿಂಗಪ್ಪಾ, ಏಳಪಾ. ನೀ ಎದ್ದರ ಎಲ್ಲಾರೂ ಏಳತಾರ. ಸಾಹೇಬರ ಮುಂದ ಮರ್ಯಾದಿ ಕಳೀಬ್ಯಾಡೋ ತಮ್ಮಾ."

ಇಷ್ಟು ವರ್ಷದ ರೂಢಿ, ಬಂದೆರೀ ಎಂಬ ಮಾತು ಯಲ್ಲಾಲಿಂಗನ ನಾಲಗೆಯ ತುದಿಗೆ ಬಂತು. ಏಳಲೂ ನೋಡಿದ. ಕಾಲು ಏಳಲಿಲ್ಲ. ಎರಡೂ ಕೈಯಿಂದ ಮೊಣಕಾಲುಗಳನ್ನು ಬಿಗಿಯಾಗಿ ತಬ್ಬಿಕೊಂಡು, ಮಳೆಯಲ್ಲಿ ಹಾಗೇ ಕೂತ.