ಜೇನುಕಲ್ಲಿನ ಅಬ್ಬಿಯಲ್ಲಿ ಗೃಹಪ್ರವೇಶ

ಮದುವೆಯಾಗಿ ಬಂದಾಗಿನಿಂದ ರೂಪಶ್ರೀ ಜೇನುಕಲ್ಲಿನ ಅಬ್ಬಿಯ ಸದ್ದು ಕೇಳಿದ್ದಳೇ ಹೊರತು ಅಬ್ಬಿಯನ್ನು ಕಣ್ಣಾರೆ ನೋಡಿರಲಿಲ್ಲ.

ಗಂಡನ ದೊಡ್ಡಪ್ಪ ನಂಜಪ್ಪನವರ ಊರು ಜೇನುಕಲ್ಲಹಳ್ಳಿ. ಮಲ್ಲಿಪಟ್ಟಣ ದಾಟಿ ಮೇಲಕ್ಕೆ ಹತ್ತಿದರೆ ಗುಡ್ಡದ ಸೊಂಟದಲ್ಲಿ ಮಗುವಿನ ಹಾಗೆ ಕೂತಿದೆ. ಆ ಮನೆಯ ಹಿತ್ತಲಿನಲ್ಲಿ ಪಾತ್ರೆ ತೊಳೆಯಲು ಕೂತರೆ ಗುಡ್ಡದ ಆಚೆಯಿಂದ ನೀರು ಬೀಳುವ ಸದ್ದು ಬಿಡದೆ ಕೇಳುತ್ತದೆ, ಪಕ್ಕದ ಮನೆಯವರು ನಲ್ಲಿ ನಿಲ್ಲಿಸಲು ಮರೆತ ಹಾಗೆ. ಪ್ರತಿ ಸಲ ಬಂದಾಗಲೂ ರೂಪಶ್ರೀ ಪಾತ್ರೆ ತೊಳೆದಿದ್ದಾಳೆ, ಸದ್ದು ಕೇಳಿದ್ದಾಳೆ, ವಾಪಸು ಹೋಗಿದ್ದಾಳೆ.

ಮೊದಲನೇ ಸಲ ಹೋಗೋಣವೆಂದಾಗ ಹೊಸ ಮದುಮಗಳು ಹಳ್ಳದ ಕಡೆ ಹೋಗಬಾರದು ಎಂದರು. ಆಮೇಲೊಮ್ಮೆ ಬಸುರಿ ಹೋಗಬಾರದು ಎಂದರು. ಮತ್ತೊಮ್ಮೆ ಬಂದಾಗ ಕಂಕುಳಲ್ಲಿ ಹಾಲು ಕುಡಿಯುವ ಮಗು. ಅದಾದ ಮೇಲೆ ಬಂದಿದ್ದು ಒಂದು ತಿಥಿಗೆ, ಆ ದಿನ ಎಲೆ ತೆಗೆದು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಹೋದ ವರ್ಷ ಮಳೆಗಾಲದಲ್ಲಿ ನಿಜವಾಗಿಯೂ ಹೊರಟಿದ್ದಳು. ಅರ್ಧ ದಾರಿಯಲ್ಲಿ ಗಂಡ ಅನಿಲ್‌ಕುಮಾರನ ಕಾಲಿಗೆ ಜಿಗಣೆ ಹತ್ತಿತು. ಅವನು ಕೂಗಿಕೊಂಡ ರೀತಿಗೆ ಜಿಗಣೆಯೇ ಹೆದರಿ ಉದುರಿತು. ಆದರೂ ವಾಪಸು ಬಂದರು.

"ಈ ಸಲ ಅಬ್ಬಿ ನೋಡ್ದೆ ನಾನು ಕಾರು ಹತ್ತಲ್ಲ," ಎಂದು ಚನ್ನರಾಯಪಟ್ಟಣ ಬಿಡುವಾಗಲೇ ರೂಪಶ್ರೀ ಹೇಳಿದ್ದಳು.

"ಹತ್ಬೇಡ, ಬಸ್ಸಲ್ಲಿ ಬಾ," ಎಂದಿದ್ದ ಅನಿಲ್.

ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ನೀರಿನ ವಿಷಯದಲ್ಲಿ ಅವನಿಗೆ ಅವನದೇ ಆದ ಅಭಿಪ್ರಾಯವಿತ್ತು. "ನೀರು ಮೇಲಿಂದ ಕೆಳಕ್ಕೆ ಬೀಳೋದು ಏನೇ ದೊಡ್ಡ ವಿಷಯ? ಬಿಟ್ರೆ ಬೀಳ್ತದೆ. ಕೆಳಗಿಂದ ಮೇಲಕ್ಕೆ ಹತ್ತುಸ್ಬೇಕು, ಅದು ಕಷ್ಟ. ಅದನ್ನ ನಾನು ದಿನಾ ಮಾಡ್ತೀನಿ. ಒಂದಿನಾನಾದ್ರೂ ಬಂದು ನೋಡಿದ್ದೀಯಾ?"

ಹಿಂದಿನ ಸೀಟಿನಲ್ಲಿದ್ದ ಮಗಳು ಸಿಂಚನ, "ಅಪ್ಪಾ, ನಿಮ್ಮ ಅಂಗಡೀಲಿ ಫೋಟೊ ಚೆನ್ನಾಗಿ ಬರಲ್ಲ," ಎಂದು ಆ ಮಾತಿಗೆ ಮುಕ್ತಾಯ ಹಾಡಿದಳು.

ಕಾರ್ತೀಕ ಮಾಸ. ಮಳೆ ನಿಂತಿತ್ತು, ಜಿಗಣೆ ಹೋಗಿತ್ತು, ಹಳ್ಳದಲ್ಲಿ ಇನ್ನೂ ನೀರಿತ್ತು. ಸಂಕ್ರಾಂತಿ ಬರುವಷ್ಟರಲ್ಲಿ ಅಬ್ಬಿ ಗೋಡೆಯ ಮೇಲೆ ಸುರಿದ ಚೊಂಬು ನೀರಿನಷ್ಟಾಗುತ್ತದೆ ಎಂದು ರೂಪಶ್ರೀಗೆ ಗೊತ್ತಿತ್ತು. ಈ ಭಾನುವಾರ ತಪ್ಪಿದರೆ ಮುಂದಿನ ವರ್ಷವೇ. ಮುಂದಿನ ವರ್ಷ ಅವಳ ಪಾಲಿಗೆ ಯಾರ ತಿಥಿ ಕಾದಿದೆಯೋ, ಯಾರು ಬಲ್ಲರು.

ಕಾರು ನಿಂತ ಕೂಡಲೇ ದೊಡ್ಡಮ್ಮ ಕೈಯಲ್ಲಿದ್ದ ಪೊರಕೆ ಎಸೆದು ಓಡಿಬಂದರು. ಗಂಡ ಕರೆಯುವ ಹಾಗೆ ರೂಪಶ್ರೀಯೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ಅವರಿಗೆ ಹೆಣ್ಣುಮಕ್ಕಳಿಲ್ಲ. ಆ ಕೊರತೆಯನ್ನು ರೂಪಶ್ರೀ ಬಂದಾಗಲೆಲ್ಲ ಒಂದೇ ದಿನದಲ್ಲಿ ತೀರಿಸಿಕೊಳ್ಳಲು ನೋಡುತ್ತಿದ್ದರು.

"ಬಾರವ್ವ, ಬಾ. ಎಷ್ಟ್ ಸೊರಗೋಗಿದ್ದೀಯಾ! ಒಸಾ ಮನೆಗೆ ಬಾಗ್ಲು ಇಟ್ರಾ?"

"ಮುಂದಿನ ಬಾಗಿಲು ಇಟ್ವಿ ದೊಡ್ಡಮ್ಮ. ಹಿಂದಿಂದು ಇನ್ನೂ ಬಂದಿಲ್ಲ."

"ಬರ್ಲಿ ಬುಡು. ಗೃಹಪ್ರವೇಶದ ದಿನ ಒಂದು ಬಾಗ್ಲೂ ಇಲ್ಲ ಅಂತ ಮೂಗೊರುಸ್ಕಂಡು ಕುಂತಿದ್ದಲ್ಲ ನೀನು? ನಾನೇನಂದೆ? ಆಲು ಉಕ್ತಾ, ಉಕ್ತು. ದ್ಯಾವ್ರ ಮುಂದೆ ದೀಪ ಅತ್ತಿತು. ಇನ್ ಇದು ಮನೆ ಕಣವ್ವ, ಬಾಗ್ಲು ಬಂದಾಗ ಬತ್ತದೆ ಅಂದೆ."

"ಇನ್ನೊಂದ್ಸಲ ಯೋಳು, ಆ ಬಡಗಿಗೂ ಕೇಳುಸ್ಲಿ," ಎಂದು ಜಗಲಿಯ ಮೇಲಿದ್ದ ನಂಜಪ್ಪ ನಕ್ಕರು.

ಊಟಕ್ಕೆ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಕಾರ್ತೀಕ ಸೋಮವಾರದ ಹಿಂದಿನ ದಿನ ಎಂಬ ಕಾರಣಕ್ಕೆ ಹಿತ್ತಲಿನ ಹುಂಜ ಬದುಕಿಕೊಂಡಿತ್ತು. ಅದು ಊಟದ ಹೊತ್ತಿನಲ್ಲಿ ಬಾಗಿಲವರೆಗೂ ಬಂದು ಎಲ್ಲರ ಎಲೆಯನ್ನೂ ಸಮಾಧಾನದಿಂದ ನೋಡಿ ಹೋಯಿತು. ರೂಪಶ್ರೀ ಅವಸರವಾಗಿ ಉಂಡಳು. ಅವಸರವಾಗಿ ಉಂಡರೆ ದೊಡ್ಡಮ್ಮ ಹಸಿವೆಂದು ತಿಳಿದು ಇನ್ನೊಂದು ಮುದ್ದೆ ಇಟ್ಟರು. ಅದನ್ನೂ ಉಂಡಳು. ಹಿತ್ತಲಿಗೆ ಹೋಗಿ ಕೈ ತೊಳೆಯುವಾಗ ಅಬ್ಬಿ ಕರೆಯುತ್ತಿತ್ತು. "ಬಂದೆ ಇರು," ಎಂದಳು ಮೆಲ್ಲಗೆ.

ಒಳಗೆ ಬಂದರೆ ದೇವರ ಗೂಡಿನ ಮುಂದೆ ಮಣೆ ಹಾಕಿತ್ತು.

"ಬಾ, ಕುತ್ಕೊ. ಆಮ್ಯಾಕೆ ರಾಹುಕಾಲ ಬಂದ್ಬುಡ್ತದೆ. ಮೊದ್ಲು ಮಡ್ಲು ತುಂಬುಸ್ಬುಡ್ತೀನಿ."

ರೂಪಶ್ರೀಯ ತಲೆಯಲ್ಲಿ ಅಬ್ಬಿ ತುಂಬಿಕೊಂಡಿತ್ತು. ಹೇಳಿದ್ದಕ್ಕೆ ಹೂಂ ಎಂದು ಕೂತುಬಿಟ್ಟಳು. ದೊಡ್ಡಮ್ಮ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಚಾಚಿದ ಸೆರಗಿಗೆ ಬೊಗಸೆ ಬೊಗಸೆ ಅಕ್ಕಿ ಸುರಿದರು. ತೆಂಗಿನಕಾಯಿ, ಬೆಲ್ಲದ ಅಚ್ಚು, ಬಾಳೆಹಣ್ಣು, ಎಲೆ ಅಡಿಕೆ, ರವಿಕೆ ಕಣ. "ತಣ್ಣಗಿರವ್ವ, ನನ್ ಮಗ್ಳೇ," ಎನ್ನುವಾಗ ಅವರ ದನಿ ಒಡೆಯಿತು. ರೂಪಶ್ರೀಗೂ ಕಣ್ಣು ತುಂಬಿತು. ಸೆರಗನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಆಗ ಜಗಲಿಯಿಂದ ನಂಜಪ್ಪನವರ ದನಿ ಬಂತು.

"ಲೇ ಇವ್ಳೇ, ಇದೇನ್ ಮಾಡ್ಬುಟ್ಟೆ? ಮಡ್ಲು ತುಂಬುಸ್ಕಂಡೋಳು ಸೀದಾ ಮನೆಗೋಗ್ಬೇಕು. ಇನ್ನು ಅಬ್ಬಿಗೆ ಎಂಗೆ ಓದಾಳು?"

ಎಲ್ಲರೂ ಮಡಿಲಿನ ಗಂಟಿನ ಕಡೆ ತಿರುಗಿದರು. ಹುಂಜ ಕೂಡ ಕತ್ತು ಓರೆ ಮಾಡಿತು.

ಜೇನುಕಲ್ಲಹಳ್ಳಿಯಲ್ಲಿ ಎಲ್ಲ ನಿಯಮಕ್ಕೂ ಒಂದು ಸಂದು ಇರುತ್ತದೆ, ಮಡಿಲಕ್ಕಿಗೆ ಮಾತ್ರ ಇಲ್ಲ. ಮಡಿಲು ತುಂಬಿದ ಹೆಣ್ಣು ದಾರಿಯಲ್ಲಿ ಎಲ್ಲೂ ತಂಗದೆ ತನ್ನ ಮನೆಗೆ ಹೋಗಿ, ದೇವರ ಮುಂದೆಯೇ ಗಂಟು ಬಿಚ್ಚಬೇಕು. ನಡುವೆ ಸುತ್ತಾಡಲು ಹೋದರೆ, ಹಳ್ಳದ ನೀರು ತುಳಿದರೆ, ಅಕ್ಕಿಯ ಜೊತೆ ತುಂಬಿಕೊಟ್ಟ ಹಾರೈಕೆಯೂ ದಾರಿಯಲ್ಲಿ ಸೋರಿಹೋಗುತ್ತದೆ.

"ಅಯ್ಯೋ ಸಿವ್ನೆ! ರಾಹುಕಾಲದ ಗ್ಯಾನದಲ್ಲಿ ಅಬ್ಬಿ ಮರ್ತೇಬುಟ್ನಲ್ಲ," ಎಂದು ದೊಡ್ಡಮ್ಮ ಕೆನ್ನೆಗೆ ಕೈ ಇಟ್ಟರು.

"ವಾಪಸ್ ತಗೊಂಡು ಸಂಜೆ ಇನ್ನೊಂದ್ಸಲ ತುಂಬ್ಸಿ ದೊಡ್ಡಮ್ಮ," ಎಂದಳು ರೂಪಶ್ರೀ.

"ಕೊಟ್ಟಿದ್ ಮಡ್ಲು ಈಸ್ಕಂತಾರೇನವ್ವ? ಬುಡ್ತು ಅನ್ನು!"

ಅನಿಲ್ ಆಗಲೇ ಕಾರಿನ ಕೀ ಹುಡುಕುತ್ತಿದ್ದ. ಆಯುಧಪೂಜೆಯ ದಿನ ಊದಿನಕಡ್ಡಿ ಮರೆಯುವ ಮನುಷ್ಯ ಈಗ ಇದ್ದಕ್ಕಿದ್ದಂತೆ ಶಾಸ್ತ್ರದ ಪಕ್ಷ ಸೇರಿದ. "ಹಿರಿಯರು ಮಾಡಿರೋದು ಸುಮ್ನೆ ಅಲ್ಲ ಕಣೆ. ನಡಿ, ಬೆಳಕಿರುವಾಗ್ಲೇ ಹೊರಡಣ."

"ದಾರೀಲಿ ಹೊಳೆನರಸೀಪುರದಲ್ಲಿ ಹೇಮಾವತಿ ದಾಟಲ್ವಾ ನಾವು? ಆ ನೀರು ಆಗುತ್ತೆ, ಈ ನೀರು ಆಗಲ್ವಾ?"

"ಅದು ಸೇತುವೆ ಕಣವ್ವ," ಎಂದರು ದೊಡ್ಡಮ್ಮ ಗಂಭೀರವಾಗಿ. "ಸೇತುವೆಗೆ ದೋಸ ಇಲ್ಲ."

"ಅಮ್ಮಾ, ನೀನಿಲ್ಲೇ ಇರು. ನಾನು ಹೋಗಿ ವಿಡಿಯೊ ಮಾಡ್ಕೊಂಡು ಬರ್ತೀನಿ," ಎಂದಳು ಸಿಂಚನ.

ಆ ಮಾತಿಗೆ ಮಾತ್ರ ರೂಪಶ್ರೀಗೆ ನಿಜವಾಗಿ ಅಳು ಬಂತು. ಜಗಲಿಯ ತುದಿಯಲ್ಲಿ ಕೂತಳು. ಮಡಿಲಿನ ಗಂಟು ತುಂಬು ಬಸುರಿಯ ಹೊಟ್ಟೆಯ ಹಾಗೆ ಮುಂದೆ ನಿಂತಿತ್ತು. ಎಲ್ಲರಿಗೂ ಊಟ ಬಡಿಸಿ ತನಗೆ ಸಾರು ಉಳಿಯದಿದ್ದರೂ ಬೇಸರ ಮಾಡಿಕೊಂಡವಳಲ್ಲ ಅವಳು. ಅವಳು ಇಷ್ಟು ವರ್ಷದಲ್ಲಿ ತನಗೆಂದು ಬಯಸಿದ್ದು ಅಷ್ಟೇ, ಒಂದು ಸಲ ಆ ನೀರಿನಲ್ಲಿ ಕಾಲಿಟ್ಟು ನಿಲ್ಲುವುದು. ತವರಿನಂಥ ಅಕ್ಕರೆಯೇ ಅದಕ್ಕೆ ಅಡ್ಡ ಬಂದರೆ ಯಾರ ಮೇಲೆ ಸಿಟ್ಟು ಮಾಡುವುದು?

ದೊಡ್ಡಮ್ಮನೂ ಪಕ್ಕದಲ್ಲಿ ಬಂದು ಕೂತರು. ಇಬ್ಬರೂ ಅಬ್ಬಿಯ ಸದ್ದು ಕೇಳುತ್ತ ಕೂತರು. ಹಟ್ಟಿಯಲ್ಲಿ ಹಸು ಕೂಗಿತು.

ರೂಪಶ್ರೀ ತಟ್ಟನೆ ತಲೆ ಎತ್ತಿದಳು.

"ದೊಡ್ಡಮ್ಮ, ಬೆಳಿಗ್ಗೆ ಕರೆದ ಹಾಲು ಇದೆಯಾ?"

"ಐತೆ. ಯಾಕವ್ವ, ಕಾಪಿ ಬೇಕಾ?"

"ಬೇಡ. ಹಾಲು ಉಕ್ಕಿ ದೀಪ ಹತ್ತಿದ ಮೇಲೆ ಬಾಗಿಲಿಲ್ಲದಿದ್ರೂ ಅದು ಮನೆ ಅಂತ ನೀವೇ ಹೇಳಿದ್ರಲ್ಲ?"

"ಊಂ, ಯೋಳಿದ್ದೆ."

"ಗೋಡೆ ಇಲ್ಲದಿದ್ರೆ?"

ನಂಜಪ್ಪ ತೊಡೆ ತಟ್ಟಿ ನಗತೊಡಗಿದರು. "ಸಿಕ್ಕಾಕ್ಕಂಡ್ಲು ಕಣ್ಲಾ ಅನಿಲ, ನಿಮ್ಮ ದೊಡ್ಡಮ್ಮ! ಯೋಳು ಈಗ, ಗ್ವಾಡೆ ಬೇಕಾ ಬ್ಯಾಡ್ವಾ?"

ದೊಡ್ಡಮ್ಮ ಬಹಳ ಹೊತ್ತು ಯೋಚಿಸಿದರು. ಸಣ್ಣ ವಿಷಯವಲ್ಲ ಅದು. ಕೊನೆಗೆ ಸೆರಗು ಬಿಗಿದು ಎದ್ದರು.

"ಅಬ್ಬಿ ಪಕ್ಕ ಗಂಗಮ್ಮನ ಕಲ್ಲೈತೆ. ದ್ಯಾವ್ರು ಐತೆ ಅಂದಂಗಾಯ್ತು. ಒಲೆ ಊಡಾನ, ಆಲು ಉಕ್ಕುಸಾನ, ದೀಪ ಅಚ್ಚಾನ. ಉಕ್ಕಿದ್ರೆ ಮನೆ. ಉಕ್ಕಲಿಲ್ಲ ಅಂದ್ರೆ ಗಂಟು ಬಿಚ್ಚಂಗಿಲ್ಲ, ಕಾಲು ನೆನ್ಸಂಗಿಲ್ಲ, ಸೀದಾ ಚನ್ರಾಯಪಟ್ಣ. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ರೂಪಶ್ರೀ.

ಮೆರವಣಿಗೆ ಹೊರಟಿತು. ಮುಂದೆ ಹಾಲಿನ ಪಾತ್ರೆ ಹಿಡಿದ ದೊಡ್ಡಮ್ಮ, ಹಿಂದೆ ಮಡಿಲು ಹೊತ್ತ ರೂಪಶ್ರೀ, ದೀಪ ಬತ್ತಿ ಹಿಡಿದ ಸಿಂಚನ, ಸೌದೆ ಹೊತ್ತು ಗೊಣಗುವ ಅನಿಲ್, ಕೊನೆಯಲ್ಲಿ ಏನೂ ಹೊರದೆ ಎಲ್ಲರಿಗೂ ದಾರಿ ಹೇಳುವ ನಂಜಪ್ಪ. ಶುಂಠಿ ಹೊಲದ ಬದು ದಾಟಿ, ಕುರುಚಲು ಕಾಡಿನ ಕಾಲುದಾರಿ ಹಿಡಿದರು. ಸದ್ದು ಹತ್ತಿರವಾದಂತೆ ಗಾಳಿ ತಣ್ಣಗಾಯಿತು. ಕೊನೆಯ ತಿರುವಿನಲ್ಲಿ ಎದುರಿಗೇ ಕಂಡಿತು.

ಕರೀ ಬಂಡೆ. ಅದರ ನೆತ್ತಿಯ ಕೆಳಗೆ ತೂಗುವ ಹೆಜ್ಜೇನಿನ ತಟ್ಟಿಗಳು. ಪಕ್ಕದಲ್ಲಿ ಬಿಳಿ ಸೀರೆ ಒಗೆದು ಹರವಿದಂತೆ ಇಳಿಯುವ ನೀರು. ಅಷ್ಟೇನೂ ಎತ್ತರವಿಲ್ಲ. ಆದರೂ ರೂಪಶ್ರೀ ದೊಡ್ಡಮ್ಮನನ್ನೂ ದಾಟಿ ಮುಂದೆ ಓಡಿದಳು. ನೀರಿನ ಅಂಚಿಗೆ ಬಂದು ನಿಂತಳು, ಕಾಲಿಡಲಿಲ್ಲ. ಒಪ್ಪಂದ ಎಂದರೆ ಒಪ್ಪಂದ.

ಗಂಗಮ್ಮನ ಕಲ್ಲಿನ ಮುಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಅಬ್ಬಿಯ ತುಂತುರು ಬಂದು ನಂದಿಸಿತು. ಮತ್ತೆ ಹಚ್ಚಿದರು, ಮತ್ತೆ ನಂದಿತು. ನಂಜಪ್ಪ ಪಂಚೆಯ ತುದಿ ಅಡ್ಡ ಹಿಡಿದರು. ಅನಿಲ್ ಮಂಡಿಯೂರಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ. ಕೊನೆಗೆ, "ಹಿಂಗಾದ್ರೆ ಆಗಲ್ಲ, ಗಾಳಿ ಎಲ್ಲಿಂದ ಬತ್ತದೆ ನೋಡ್ಬೇಕು," ಎಂದು ಕಲ್ಲುಗಳನ್ನು ಕಿತ್ತು ಬೇರೆ ದಿಕ್ಕಿಗೆ ಹೂಡಿದ. ಕೆಟ್ಟ ಮೋಟಾರು ಕಂಡಾಗ ಬರುವ ಹಟ ಅವನ ಮುಖಕ್ಕೆ ಬಂದಿತ್ತು. ಹೊರಡುವ ಮಾತನ್ನೇ ಅವನು ಮರೆತಿದ್ದ.

ದನ ಹೊಡೆದುಕೊಂಡು ಬಂದ ಊರಿನ ಸಣ್ಣಯ್ಯ ಇದನ್ನೆಲ್ಲ ಕಂಡು ಬೆರಗಾಗಿ ನಿಂತ. "ಏನ್ ನಂಜಪ್ಪಣ್ಣ, ಕಾಪಿ ಓಟ್ಲು ಮಡಗ್ತಾ ಇದ್ದೀಯಾ?"

"ಊಂ ಕಣ್ಲಾ. ಮೊದ್ಲು ಗೃಹಪ್ರವೇಶ, ಆಮ್ಯಾಕೆ ಓಟ್ಲು."

"ಗೃಹ ಎಲ್ಲೈತೆ?"

"ಉಕ್ಕುದ್ ಮ್ಯಾಲೆ ಬತ್ತದೆ, ಸುಮ್ನೆ ನಿಂತ್ಕೊಳ್ಲಾ. ಗಾಳಿಗೆ ನಿನ್ ಎಮ್ಮೆ ಅಡ್ಡ ಮಾಡು."

ಎಮ್ಮೆ ಅಡ್ಡ ನಿಂತಿತು. ಒಲೆ ಹಿಡಿಯಿತು. ಎಲ್ಲರೂ ಪಾತ್ರೆಯನ್ನೇ ನೋಡಿದರು. ಹಾಲು ಸುತ್ತಲೂ ನೊರೆ ಕಟ್ಟಿತು, ಅಂಚಿಗೆ ಬಂತು, ಯಾಕೋ ಹಿಂಜರಿಯಿತು. ರೂಪಶ್ರೀ ಮಡಿಲಿನ ಗಂಟನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. "ಉಕ್ಕೇ ನಮ್ಮಮ್ಮ," ಎಂದಳು. ಹಾಲು ಒಮ್ಮೆಲೇ ಎದ್ದು ಬುಸ್ ಎಂದು ಅನಿಲ್‌ನ ಪ್ಯಾಂಟಿನ ಮೇಲೆ ಉಕ್ಕಿತು. ಅವನು ಜಿಗಣೆ ದಿನದ ಹಾಗೆಯೇ ಕೂಗಿಕೊಂಡ.

"ಮೂಡ್ಲು ದಿಕ್ಕಿಗೇ ಉಕ್ತು!" ಎಂದು ದೊಡ್ಡಮ್ಮ ಕೈ ಮುಗಿದರು. ಸಿಂಚನ ದೀಪ ಹಚ್ಚಿದಳು. ರೂಪಶ್ರೀ ಗಂಗಮ್ಮನ ಮುಂದೆ ಗಂಟು ಬಿಚ್ಚಿ, ಅಕ್ಕಿ ಕಾಯಿ ಬೆಲ್ಲ ಇಳಿಸಿ ನಮಸ್ಕಾರ ಮಾಡಿದಳು. ಆಮೇಲೆ ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟಳು.

ತಣ್ಣಗೆ ಕೊರೆಯಿತು. ಅವಳು ಸುಮ್ಮನೆ ನಿಂತಳು. ಇಷ್ಟು ದಿನ ದೂರದಿಂದ ಕರೆಯುತ್ತಿದ್ದುದು ಈಗ ಕಾಲ ಬೆರಳುಗಳ ನಡುವೆ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ದೊಡ್ಡಮ್ಮನೂ ಸೀರೆ ಎತ್ತಿಕಟ್ಟಿ ಬಂದು ನಿಂತರು.

"ಈ ಊರಿಗೆ ಬಂದ್ ಮ್ಯಾಲೆ ಸೌದೆಗೆ ಬಂದಿವ್ನಿ, ದನ ಉಡೀಕಂಡು ಬಂದಿವ್ನಿ. ಇಂಗೆ ಸುಮ್ಕೆ ನಿಂತ್ಕೊಳಾಕೆ ಬಂದಿದ್ದು ಇವತ್ತೇ ಕಣವ್ವ."

ಬಿಸಿಲು ಬಂಡೆಯ ಮೇಲೆ ಏರಿತು. ಅನಿಲ್‌ಗೆ ಹೊರಡುವ ನೆನಪಾಯಿತು. "ಆಯ್ತಲ್ಲ? ನಡೀರಿ ಇನ್ನ."

ದೊಡ್ಡಮ್ಮ ತಿರುಗಿ ನೋಡಿದರು. "ಬರೀ ಮಡ್ಲಲ್ಲಿ ಕಳ್ಸಾಕಾಯ್ತದೇನ್ಲಾ ಮಗ್ಳುನ್ನ? ಮನೆಗೋಗಿ ಇನ್ನೊಂದ್ಸಲ ತುಂಬುಸ್ಬೇಕು."

"ತುಂಬ್ಸು, ಅದಕ್ಕೇನು?"

"ಈಗ ರಾಹುಕಾಲ ಇಡ್ಕಂತು. ಮುಗಿಯೋಗಂಟ ಆಗಕಿಲ್ಲ."

ಅನಿಲ್ ಆಕಾಶ ನೋಡಿದ, ಎಮ್ಮೆ ನೋಡಿದ, ಹಾಲು ಸುರಿದ ಪ್ಯಾಂಟು ನೋಡಿಕೊಂಡ. ಕೊನೆಗೆ ಬಂಡೆಯ ಮೇಲೆ ಕೂತುಬಿಟ್ಟ. ಮಾಡಲು ಬೇರೇನೂ ಇಲ್ಲದ್ದರಿಂದ ನೀರು ನೋಡತೊಡಗಿದ. ನೋಡುತ್ತ ನೋಡುತ್ತ ಅವನ ಮುಖ ಸಡಿಲವಾಯಿತು.

"ಇಷ್ಟು ನೀರನ್ನ ವಾಪಸ್ ಮೇಲಕ್ಕೆ ಹತ್ತುಸ್ಬೇಕು ಅಂದ್ರೆ ಎಷ್ಟು ಎಚ್‌ಪಿ ಮೋಟ್ರು ಬೇಕಾಗ್ಬೋದು ದೊಡ್ಡಪ್ಪ?" ಎಂದ ತುಸು ಹೊತ್ತಿಗೆ.

"ನಿನ್ನಂಗಡೀಲಿ ಇಲ್ಲ ಬುಡ್ಲಾ, ಅಂತಾ ಮೋಟ್ರು," ಎಂದರು ನಂಜಪ್ಪ.

ಅವನು ಎದ್ದು ಪ್ಯಾಂಟು ಮಡಚಿಕೊಂಡು ನೀರಿಗಿಳಿದ. ಹೆಂಡತಿಯ ಪಕ್ಕ ಬಂದು ನಿಂತ. ಮಗಳು ಇಬ್ಬರ ಮೇಲೂ ನೀರೆರಚಿದಳು. ನೆರಳು ಉದ್ದವಾಗಿ ಹೊತ್ತು ಕಂತಿತು. ಹೆಜ್ಜೇನುಗಳು ಒಂದೊಂದಾಗಿ ಗೂಡು ಸೇರುತ್ತಿದ್ದವು.

"ಲೋ ಅನಿಲ, ಪೋನ್ ನೋಡು," ಎಂದು ದೊಡ್ಡಮ್ಮ ಕೂಗಿದರು. "ರಾಹುಕಾಲ ಮುಗೀತಾ?"

ಅನಿಲ್ ಜೇಬಿನಿಂದ ಫೋನ್ ತೆಗೆದ. ರೂಪಶ್ರೀ ಬಗ್ಗಿ ನೋಡಿದಳು. ಮುಗಿದು ಆಗಲೇ ಐದು ನಿಮಿಷವಾಗಿತ್ತು. ಅವಳು ಗಂಡನ ಮುಖ ನೋಡಿದಳು.

ಅವನು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಇನ್ನೂ ಐತೆ ದೊಡ್ಡಮ್ಮ," ಎಂದ.